ಇಲ್ಲದ ಮಕ್ಕಳ ಜಾಣತನ

ಮೇ ತಿಂಗಳಲ್ಲಿ ನಮ್ಮ ಕಡೆ ಎರಡು ಸುಗ್ಗಿ. ಒಂದು ಮಾವಿನಹಣ್ಣಿನದು, ಇನ್ನೊಂದು ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. ಮಾವು ಒಂದೊಂದು ವರ್ಷ ಕೈಕೊಡಬಹುದು. ಫಲಿತಾಂಶದ ಮಾತು ಮಾತ್ರ ಯಾವ ವರ್ಷವೂ ತಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥದೇ ಮೇ ತಿಂಗಳಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿದು ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಜಮಖಾನದ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಮಾತು ಸೀರೆಯಿಂದ ಹೊರಟು, ಸಿಮೆಂಟಿನ ಬೆಲೆಯನ್ನು ಮುಟ್ಟಿಕೊಂಡು, ಕೊನೆಗೆ ಮಕ್ಕಳ ಮಾರ್ಕ್ಸಿಗೆ ಬಂದು ನಿಂತಿತು. ನನ್ನ ಮಗಳಿಗೆ ಇಷ್ಟು, ನಿಮ್ಮ ಮಗನಿಗೆ ಎಷ್ಟು, ಪಕ್ಕದ ಮನೆಯವರ ಹುಡುಗನಿಗಿಂತ ನಮ್ಮವನು ಮೂರು ಮಾರ್ಕ್ಸು ಜಾಸ್ತಿ. ನಾನು ಸುಮ್ಮನೆ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದೆ. ಆಗ ನನ್ನ ಓರಗಿತ್ತಿ, ‘ನಮ್ಮ ಅಕ್ಕಂಗೇನು, ಆರಾಮ. ಈ ತಲೆನೋವು ಯಾವುದೂ ಇಲ್ಲ’ ಎಂದಳು.

ಅವಳು ಕೆಟ್ಟವಳಲ್ಲ. ನನ್ನ ಮೇಲಿನ ಅಕ್ಕರೆಯಿಂದಲೇ ಅಂದ ಮಾತದು. ಆದರೆ ಮದುವೆಯಾಗಿ ಅಷ್ಟು ವರ್ಷ ಮಕ್ಕಳಿಲ್ಲದೆ ಕಳೆದವಳಿಗೆ ಅಕ್ಕರೆಯ ಮಾತೇ ಹೆಚ್ಚು ಚುಚ್ಚುತ್ತದೆ. ನನಗೆ ಏನನ್ನಿಸಿತೋ, ‘ಯಾಕೆ? ನನ್ನ ಮಕ್ಕಳೆಲ್ಲ ನಿಮ್ಮೆಲ್ಲರ ಮಕ್ಕಳಿಗಿಂತ ಜಾಣರು ಕಣ್ರೇ’ ಎಂದುಬಿಟ್ಟೆ.

ತಮಾಷೆ ಅಂತಲೇ ಹೇಳಿದ್ದು. ಆದರೆ ಯಾರೂ ನಗಲಿಲ್ಲ. ಒಬ್ಬರು ಸುಣ್ಣದ ಡಬ್ಬಿ ಹುಡುಕಿದರು, ಇನ್ನೊಬ್ಬರು ಎದ್ದು ಫ್ಯಾನು ಜೋರು ಮಾಡಿದರು. ಓರಗಿತ್ತಿಯ ಕಣ್ಣಿನಲ್ಲಿ ನೀರು ತುಂಬಿತು. ಅಳಬೇಕಾದ ನಾನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಪ್ರಸಂಗವನ್ನು ಹೇಳಿದೆ. ನಮ್ಮ ಗಣಿತದ ಮೇಷ್ಟ್ರು ಟಿಫನ್ ಡಬ್ಬಿಯಿಂದ ತಲೆಯೆತ್ತಿ, ‘ಮೇಡಂ, ನೀವು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಗಣಿತದ ಪ್ರಕಾರ ಅದು ನಿಜ’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ‘ಸುಳ್ಳು ಅನ್ನುವವರು ನಿಮ್ಮ ಮಕ್ಕಳಲ್ಲಿ ಜಾಣನಲ್ಲದ ಒಬ್ಬನನ್ನಾದರೂ ತಂದು ನಿಲ್ಲಿಸಬೇಕಲ್ಲ? ಎಲ್ಲಿಂದ ತರ್ತಾರೆ? ಸುಳ್ಳಾಗೋದಕ್ಕೆ ದಾರಿಯೇ ಇಲ್ಲ ಅಂದ ಮೇಲೆ ಅದು ನಿಜ’ ಎಂದು ಹೇಳಿ ಮೊಸರನ್ನ ಮುಂದುವರಿಸಿದರು. ಗಂಟೆ ಹೊಡೆಯುವ ಹೊತ್ತಿಗೆ ಇನ್ನೊಂದು ಮಾತು ಸೇರಿಸಿದರು: ‘ನಿಮ್ಮ ಮಕ್ಕಳೆಲ್ಲ ಅವರ ಮಕ್ಕಳಿಗಿಂತ ದಡ್ಡರು ಅಂದಿದ್ದರೆ ಅದೂ ನಿಜವೇ ಆಗಿರ್ತಿತ್ತು.’

ನಾನು ಪಾಠ ಮಾಡುವುದು ಚರಿತ್ರೆ ಮತ್ತು ಕನ್ನಡ. ಬಿ.ಎ.ಯಲ್ಲಿ ಗಣಿತದ ಗಾಳಿಯೂ ಸೋಕಿರಲಿಲ್ಲ. ಆದರೆ ಅದೇ ವರ್ಷ ಮೇಷ್ಟ್ರು ರಜೆಯ ಮೇಲೆ ಹೋದಾಗ ಒಂಬತ್ತನೆಯ ತರಗತಿಯ ಗಣಿತವನ್ನು ಹದಿನೈದು ದಿನ ನಾನೇ ನೋಡಿಕೊಳ್ಳಬೇಕಾಯಿತು. ಪಾಠ ಗಣಗಳದ್ದು. ‘ಶೂನ್ಯಗಣವು ಎಲ್ಲ ಗಣಗಳ ಉಪಗಣ’ ಎಂದು ಬೋರ್ಡಿನ ಮೇಲೆ ಬರೆದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ಒಳಗೆ ಏನೂ ಇಲ್ಲದ್ದು ಎಲ್ಲದರ ಒಳಗೂ ಹೇಗಿರತ್ತೆ?’ ಎಂದು ಕೇಳಿದಳು. ಮೇಷ್ಟ್ರ ಮೊಸರನ್ನದ ಮಾತು ನೆನಪಾಯಿತು. ‘ಅದರಲ್ಲಿರುವ ಯಾವುದಾದರೂ ಒಂದು ಹೊರಗಡೆ ಉಳಿದಿದೆ ಅಂತ ತೋರಿಸು ನೋಡೋಣ’ ಎಂದೆ. ಹುಡುಗಿ ಯೋಚಿಸಿ ಕೂತಳು. ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ನನಗಂತೂ ಆಗಲಿಲ್ಲ.

ಚರಿತ್ರೆಯವಳು ನಾನು. ಒಂದು ಮಾತು ಅರ್ಥವಾಗದಿದ್ದರೆ, ಅದನ್ನು ಮೊದಲು ಯಾರು ಹೇಳಿದರು, ಯಾರು ಒಪ್ಪಲಿಲ್ಲ ಎಂದು ಹುಡುಕುವುದು ನನ್ನ ಅಭ್ಯಾಸ. ಹುಡುಕಿದರೆ, ಇಲ್ಲದವರ ಬಗ್ಗೆ ಹೇಳಿದ ಮಾತು ನಿಜವೋ ಸುಳ್ಳೋ ಎಂಬ ಜಗಳಕ್ಕೆ ಎರಡು ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ!

ಗ್ರೀಸಿನ ಅರಿಸ್ಟಾಟಲ್ (ಕ್ರಿ.ಪೂ. 384–322) ತರ್ಕಕ್ಕೆ ವ್ಯಾಕರಣ ಬರೆದವನು. ‘ಎಲ್ಲ ಕಾಗೆಗಳೂ ಕಪ್ಪು’ ಎಂದರೆ ‘ಕೆಲವು ಕಪ್ಪು ವಸ್ತುಗಳು ಕಾಗೆಗಳು’ ಎಂದೂ ಹೇಳಬಹುದು ಎನ್ನುವುದು ಅವನ ಲೆಕ್ಕ. ನಮಗೂ ಸಹಜವೆನಿಸುತ್ತದೆ, ಅಲ್ಲವೇ? ‘ಎಲ್ಲ’ ಎಂದ ಮೇಲೆ ಒಂದೆರಡಾದರೂ ಇರಲೇಬೇಕು. ಇಲ್ಲದವರ ಬಗ್ಗೆಯೂ ಅವನು ಒಂದು ಕಡೆ ಹೇಳುತ್ತಾನೆ. ಸಾಕ್ರಟೀಸ್ ಎಂಬುವನೇ ಇಲ್ಲದಿದ್ದರೆ ಅವನಿಗೆ ಕಾಯಿಲೆ ಎಂದರೂ ಸುಳ್ಳು, ಅವನು ಆರೋಗ್ಯವಾಗಿದ್ದಾನೆ ಎಂದರೂ ಸುಳ್ಳು. ಹಾಗಾದರೆ ಅರಿಸ್ಟಾಟಲನ ಜಮಖಾನದ ಮೇಲೆ ನನ್ನ ಮಾತು ಶುದ್ಧ ಸುಳ್ಳು. ಜಾಣರೆಂದರೂ ಸುಳ್ಳು, ದಡ್ಡರೆಂದರೂ ಸುಳ್ಳು.

ನಮ್ಮ ದೇಶದ ಪಂಡಿತರೂ ಈ ಜಗಳ ಆಡದೆ ಬಿಟ್ಟವರಲ್ಲ. ಇಲ್ಲದ ವಸ್ತುವಿಗೆ ಅವರು ಕೊಡುತ್ತಿದ್ದ ಉದಾಹರಣೆಗಳು ಕನ್ನಡದಲ್ಲೂ ಬಳಕೆಯಲ್ಲಿವೆ: ಮೊಲದ ಕೊಂಬು, ಆಕಾಶಪುಷ್ಪ, ಮತ್ತೆ ವಂಧ್ಯಾಪುತ್ರ, ಅಂದರೆ ಬಂಜೆಯ ಮಗ. ಈ ಕೊನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಿತ್ತಲಲ್ಲಿ ಅಡ್ಡಾಡಿ ಬಂದೆ. ಜಗತ್ತಿನಲ್ಲಿ ಇಲ್ಲದ ವಸ್ತುಗಳಿಗೇನು ಬರವೇ? ಇಲ್ಲದ್ದು ಯಾವುದು ಎಂದು ಯೋಚಿಸಿದಾಗ ಆ ಗಂಡಸರಿಗೆ ಹೊಳೆದದ್ದು ಹೆಂಗಸಿನ ಬರಿದಾದ ಮಡಿಲು. ಮಕ್ಕಳಿಲ್ಲದ ಗಂಡಸನ್ನು ಕರೆಯಲು ‘ಬಂಜೆ’ಯಂಥ ದಿನಬಳಕೆಯ ಮಾತನ್ನು ನಾನಂತೂ ಕೇಳಿಲ್ಲ. ನೀವು ಕೇಳಿದ್ದೀರಾ?

ಅಡ್ಡಾಡಿ ಬಂದು ಮತ್ತೆ ಓದಿದೆ. ಹತ್ತು–ಹನ್ನೊಂದನೆಯ ಶತಮಾನದ ಹೊತ್ತಿಗೆ ಈ ಬಂಜೆಯ ಮಗನನ್ನು ಮಧ್ಯೆ ನಿಲ್ಲಿಸಿಕೊಂಡು ದೊಡ್ಡ ವಾದವೇ ನಡೆದಿತ್ತು. ಒಂದು ಕಡೆ ವಿಕ್ರಮಶಿಲೆಯ ಬೌದ್ಧ ಪಂಡಿತ ಜ್ಞಾನಶ್ರೀಮಿತ್ರ, ಇನ್ನೊಂದು ಕಡೆ ಮಿಥಿಲೆಯ ನೈಯಾಯಿಕ ಉದಯನ. ಬಂಜೆಯ ಮಗ ಮಾತಾಡುತ್ತಾನೋ ಇಲ್ಲವೋ ಎಂಬುದು ಪ್ರಶ್ನೆ. ಅವನಿಗೆ ಜೀವವೇ ಇಲ್ಲವಾದ್ದರಿಂದ ಮಾತಾಡುವುದಿಲ್ಲ ಎನ್ನಬಹುದು ಎಂಬುದು ಬೌದ್ಧರ ಪಕ್ಷ. ಹಾಗಾದರೆ ಇನ್ನೊಬ್ಬ ಬಂದು, ಮಗನೆಂದ ಮೇಲೆ ಮಾತಾಡಲೇಬೇಕು ಎಂದರೆ ಅವನ ಬಾಯಿ ಮುಚ್ಚಿಸುವುದು ಹೇಗೆ? ಹೌದೆನ್ನಲೂ ಬೇಡ, ಇಲ್ಲವೆನ್ನಲೂ ಬೇಡ. ಇಂಥ ಕಡೆ ಮೌನವೇ ಸರಿ ಎಂಬುದು ಆತ್ಮತತ್ತ್ವವಿವೇಕ ಬರೆದ ಉದಯನನ ನಿಲುವು. ಗೃಹಪ್ರವೇಶದ ಮನೆಯಲ್ಲಿ ಸುಣ್ಣದ ಡಬ್ಬಿ ಹುಡುಕಿದ ಆ ಪುಣ್ಯಾತ್ಗಿತ್ತಿ ಉದಯನನನ್ನು ಓದದೆಯೇ ಅವನ ಶಿಷ್ಯೆಯಾಗಿದ್ದಳು!

ಮೇಷ್ಟ್ರು ಹೇಳಿದ ‘ನಿಜ’ ಹಾಗಾದರೆ ಎಲ್ಲಿಂದ ಬಂತು? ಅದಕ್ಕೆ ನಾವು ಇಂಗ್ಲೆಂಡಿನ ಒಬ್ಬ ಚಮ್ಮಾರನ ಮನೆಗೆ ಹೋಗಬೇಕು. ಲಿಂಕನ್ ಎಂಬ ಊರಿನ ಆ ಮನೆಯಲ್ಲಿ 1815ರಲ್ಲಿ ಹುಟ್ಟಿದವರು ಜಾರ್ಜ್ ಬೂಲ್. ಮನೆಯ ಬಡತನದಿಂದ 16ನೆಯ ವಯಸ್ಸಿಗೇ ಶಾಲಾ ಮೇಷ್ಟ್ರಾದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಓದಿದವರಲ್ಲ. ಆದರೂ 1849ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ಕ್ವೀನ್ಸ್ ಕಾಲೇಜಿಗೆ ಗಣಿತದ ಪ್ರಾಧ್ಯಾಪಕರಾದರು. 1847ರಲ್ಲಿ ಒಂದು, 1854ರಲ್ಲಿ ಇನ್ನೊಂದು ಪುಸ್ತಕ ಬರೆದು, ಮಾತಿನ ತರ್ಕವನ್ನು ಬೀಜಗಣಿತದ ಹಾಗೆ ಲೆಕ್ಕ ಮಾಡಬಹುದೆಂದು ತೋರಿಸಿದರು. ಅವರ ಲೆಕ್ಕದಲ್ಲಿ 1 ಎಂದರೆ ಎಲ್ಲವೂ, 0 ಎಂದರೆ ಏನೂ ಇಲ್ಲದ ಗುಂಪು. ‘ಎಲ್ಲ ಕಾಗೆಗಳೂ ಕಪ್ಪು’ ಎನ್ನುವುದು ಅವರ ಕೈಯಲ್ಲಿ ‘ಕಪ್ಪಲ್ಲದ ಕಾಗೆಗಳ ಗುಂಪು 0’ ಎಂದಾಯಿತು.

ಈ ತಿರುವನ್ನು ಸ್ವಲ್ಪ ನಿಂತು ನೋಡಿ. ಮೊದಲಿನ ಮಾತಿನಲ್ಲಿ ಕಾಗೆಗಳಿದ್ದವು. ಎರಡನೆಯದರಲ್ಲಿ ಇಲ್ಲದ್ದರ ಲೆಕ್ಕ ಮಾತ್ರ ಇದೆ. ಕಾಗೆಗಳೇ ಇಲ್ಲದಿದ್ದರೂ ಅದು ಸರಿಯಾಗಿಯೇ ಉಳಿಯುತ್ತದೆ. ಬೂಲ್ ತೆರೆದ ಈ ಬಾಗಿಲಿನಿಂದ ಮುಂದಿನವರು ಒಳಗೆ ಹೋದರು. ಜಾನ್ ವೆನ್ 1880ರಲ್ಲಿ ವೃತ್ತಗಳ ಚಿತ್ರ ಬರೆದು, ಖಾಲಿಯಾದ ಭಾಗಕ್ಕೆ ಗೆರೆ ಎಳೆದು ತುಂಬುವ ಕ್ರಮ ತಂದರು. ನಮ್ಮ ಮಕ್ಕಳು ಇಂದಿಗೂ ಬರೆಯುವ ವೆನ್ ಚಿತ್ರ ಅದೇ. ಜರ್ಮನಿಯ ಫ್ರೇಗೆ 1879ರಲ್ಲಿ ‘ಎಲ್ಲ’ ಎಂಬುದನ್ನು ‘ಯಾವುದೇ ಆಗಲಿ, ಅದು ಕಾಗೆಯಾಗಿದ್ದರೆ ಕಪ್ಪು’ ಎಂದು ಬಿಡಿಸಿಟ್ಟರು. ‘ಆಗಿದ್ದರೆ’ ಎನ್ನುವುದರಲ್ಲಿ ‘ಇದೆ’ ಎಂಬ ಭರವಸೆಯಿಲ್ಲ. ಹೀಗೆ ನನ್ನ ಮಾತು ಸುಳ್ಳಿನ ಪಟ್ಟಿಯಿಂದ ನಿಜದ ಪಟ್ಟಿಗೆ ವರ್ಗವಾಯಿತು. ಗದ್ದೆಯಲ್ಲಿ ನೆಟ್ಟಗೆ ನಿಂತಿದ್ದರೂ ಒಳಗೆ ಕಾಳಿಲ್ಲದ ತೆನೆಗೆ ಜೊಳ್ಳು ಎನ್ನುತ್ತೇವಲ್ಲ, ಹಾಗೆ ಇಂಥ ನಿಜವನ್ನು ನಾನು ಜೊಳ್ಳು ನಿಜ ಎಂದು ಕರೆದುಕೊಂಡಿದ್ದೇನೆ.

ಬೂಲರ ಹೆಂಡತಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೇರಿ ಎವರೆಸ್ಟ್ ಆಕೆ. ನಮ್ಮ ದೇಶದ ಸರ್ವೇಯರ್ ಜನರಲ್ ಆಗಿದ್ದ, ಶಿಖರಕ್ಕೆ ಹೆಸರು ಕೊಟ್ಟ ಜಾರ್ಜ್ ಎವರೆಸ್ಟರ ತಮ್ಮನ ಮಗಳು. 1864ರ ಡಿಸೆಂಬರಿನಲ್ಲಿ ಬೂಲ್ ನ್ಯುಮೋನಿಯಾದಿಂದ ತೀರಿಕೊಂಡಾಗ ಮೇರಿಗೆ 32 ವರ್ಷ, ಮಡಿಲಲ್ಲಿ ಐದು ಹೆಣ್ಣುಮಕ್ಕಳು. ಕೊನೆಯದಕ್ಕೆ ಇನ್ನೂ ಏಳು ತಿಂಗಳು. ಲಂಡನ್ನಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ಆಕೆ ಸಂಸಾರ ಸಾಗಿಸಿದರು. ಮಕ್ಕಳಿಗೆ ಗಣಿತವನ್ನು ಆಟದಂತೆ ಕಲಿಸುವುದು ಹೇಗೆಂದು ಪುಸ್ತಕಗಳನ್ನೂ ಬರೆದರು. ಮಗಳು ಅಲೀಸಿಯಾ ಕಾಲೇಜು ಕಾಣದೆಯೇ ನಾಲ್ಕು ಆಯಾಮದ ಆಕಾರಗಳನ್ನು ಮನಸ್ಸಿನಲ್ಲೇ ಕಂಡು ಗಣಿತಜ್ಞೆಯಾದಳು. ತರ್ಕದ ಚರಿತ್ರೆಯಲ್ಲಿ ಇವರ ಹೆಸರು ಬರುವುದು ಅಡಿಟಿಪ್ಪಣಿಯಲ್ಲಿ. ಅಲ್ಲಾದರೂ ಬರುತ್ತದಲ್ಲ ಎನ್ನಿ.

ಈ ನಡುವೆ ಆಕ್ಸ್‌ಫರ್ಡಿನಲ್ಲಿ ಇನ್ನೊಬ್ಬ ಗಣಿತದ ಮೇಷ್ಟ್ರಿದ್ದರು, ಚಾರ್ಲ್ಸ್ ಡಾಡ್ಜ್‌ಸನ್. ಲೂಯಿ ಕ್ಯಾರೊಲ್ ಎಂದರೆ ನಿಮಗೆ ಗುರುತು ಸಿಗುತ್ತದೆ. ಆಲಿಸ್ ಎಂಬ ಹುಡುಗಿಯ ಕಥೆ ಬರೆದವರು ಅವರೇ. 1865ರ ಮೊದಲ ಪುಸ್ತಕದಲ್ಲಿ ಒಂದು ಟೀ ಕೂಟ ಬರುತ್ತದೆ. ಆಲಿಸಳಿಗೆ ಇನ್ನಷ್ಟು ಟೀ ಕುಡಿ ಎಂದು ಉಪಚಾರ ಮಾಡುತ್ತಾರೆ. ಇನ್ನೂ ಒಂದು ಗುಟುಕೂ ಕುಡಿದಿಲ್ಲ, ಇನ್ನಷ್ಟು ಹೇಗೆ ಕುಡಿಯಲಿ ಎಂದು ಅವಳ ಸಿಡುಕು. ಏನೂ ಇಲ್ಲದ್ದಕ್ಕಿಂತ ಹೆಚ್ಚು ಕುಡಿಯುವುದು ಸುಲಭ, ಕಡಿಮೆ ಕುಡಿಯುವುದೇ ಕಷ್ಟ ಎಂದು ಟೋಪಿಯವನ ವಾದ. ನಗು ಬಂದರೂ ಲೆಕ್ಕ ಸರಿಯಾಗಿದೆ. ಅಳತೆಯನ್ನು ಹೋಲಿಸುವಾಗ ಸೊನ್ನೆಯೂ ಒಂದು ಅಳತೆ. ನನಗಿರುವ ಮಕ್ಕಳು 0, ಓರಗಿತ್ತಿಗೆ 2. ಎರಡಕ್ಕಿಂತ ಸೊನ್ನೆ ಕಡಿಮೆ. ಇದು ನಿಜ, ಇದರ ಉಲ್ಟಾ ಸುಳ್ಳು. ಇಲ್ಲಿ ಜೊಳ್ಳಿಲ್ಲ. ತೊಡಕು ಶುರುವಾಗುವುದು ಎಷ್ಟು ಎಂಬುದನ್ನು ಬಿಟ್ಟು ಎಂಥವರು ಎಂದು ಹೋಲಿಸಲು ಹೊರಟಾಗ.

1871ರ ಎರಡನೆಯ ಪುಸ್ತಕದಲ್ಲಿ ಅದನ್ನೂ ತೋರಿಸಿದ್ದಾರೆ. ರಾಜ ತನ್ನ ದೂತನನ್ನು ದಾರಿಯಲ್ಲಿ ಯಾರು ಸಿಕ್ಕರು ಎಂದು ಕೇಳುತ್ತಾನೆ. ಯಾರೂ ಇಲ್ಲ ಎನ್ನುತ್ತಾನೆ ದೂತ. ಇಂಗ್ಲಿಷಿನ ‘ನೋಬಡಿ’ ಎಂಬ ಮಾತನ್ನು ರಾಜ ಒಬ್ಬ ಮನುಷ್ಯನ ಹೆಸರೆಂದುಕೊಳ್ಳುತ್ತಾನೆ. ನೋಬಡಿ ನಿನಗಿಂತ ನಿಧಾನ ನಡೆಯುತ್ತಾನೆಂದಾಯಿತು ಎನ್ನುತ್ತಾನೆ. ದೂತನಿಗೆ ಅವಮಾನವಾಗುತ್ತದೆ, ನನಗಿಂತ ಬೇಗ ನಡೆಯುವವನು ನೋಬಡಿ ಎಂದು ಅವನ ಉತ್ತರ. ಹಾಗಿದ್ದರೆ ಅವನೇ ಮೊದಲು ಬರಬೇಕಿತ್ತಲ್ಲ ಎಂದು ರಾಜನ ತರ್ಕ! ಹೋಲಿಕೆಯ ಒಂದು ಬದಿಯಲ್ಲಿ ಯಾರೂ ಇಲ್ಲದಿದ್ದರೆ ತಕ್ಕಡಿ ಎತ್ತ ಬೇಕಾದರೂ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ನನಗೆ ಸಿಕ್ಕಿಲ್ಲ. ಈ ಕ್ಯಾರೊಲ್ ಆಕ್ಸ್‌ಫರ್ಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ತರ್ಕದ ಪಾಠ ಹೇಳುತ್ತಿದ್ದವರು. 1896ರ ತಮ್ಮ ತರ್ಕದ ಪುಸ್ತಕದಲ್ಲಿ ಅವರು ಹಳೆಯ ಪಕ್ಷಕ್ಕೇ ನಿಂತರು. ‘ಎಲ್ಲ’ ಎಂದರೆ ಒಬ್ಬರಾದರೂ ಇರಬೇಕು; ಬೇಡವೆನ್ನುವವರು ಬೇರೆ ನಿಯಮ ಇಟ್ಟುಕೊಳ್ಳಲಿ, ಆದರೆ ಇಟ್ಟುಕೊಂಡ ನಿಯಮಕ್ಕೆ ಬದ್ಧರಾಗಿರಲಿ ಎಂದರು.

ಗಣಿತದವರು ಬೇರೆ ನಿಯಮವನ್ನೇ ಇಟ್ಟುಕೊಂಡರು. 1908ರಲ್ಲಿ ಜರ್ಮನಿಯ ಝೆರ್ಮೆಲೊ ಗಣಗಳ ಮೂಲ ನಿಯಮಗಳನ್ನು ಬರೆದಾಗ ಶೂನ್ಯಗಣಕ್ಕೂ ಅದರಲ್ಲಿ ಜಾಗ ಕೊಟ್ಟರು. ಸೊನ್ನೆಗೆ ಅಡ್ಡಗೆರೆ ಹೊಡೆದಂತಿರುವ ಅದರ ಗುರುತನ್ನು ನಾರ್ವೆ ಭಾಷೆಯ ಅಕ್ಷರದಿಂದ ತೆಗೆದುಕೊಂಡವರು ಫ್ರಾನ್ಸಿನ ಆಂದ್ರೆ ವೇಯ್. ಅದು 1939ರಲ್ಲಿ ಬಳಕೆಗೆ ಬಂತು. ಆದರೆ ಮಾತಿನ ಮಂದಿ ಸುಮ್ಮನಿರಲಿಲ್ಲ. 1952ರಲ್ಲಿ ಆಕ್ಸ್‌ಫರ್ಡಿನ ಸ್ಟ್ರಾಸನ್ ಒಂದು ಪ್ರಶ್ನೆ ಎತ್ತಿದರು. ಜಾನ್ ಎಂಬುವನ ಮಕ್ಕಳೆಲ್ಲ ಮಲಗಿದ್ದಾರೆ ಎಂದು ಒಬ್ಬ ಹೇಳುತ್ತಾನೆ, ಜಾನನಿಗೆ ಮಕ್ಕಳೇ ಇಲ್ಲ. ಆ ಮಾತು ನಿಜವೇ, ಸುಳ್ಳೇ? ಎರಡೂ ಅಲ್ಲ, ಆ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ ಎಂದರು ಸ್ಟ್ರಾಸನ್. ಮಿಥಿಲೆಯ ಮೌನ ಸುಮಾರು ಸಾವಿರ ವರ್ಷದ ಮೇಲೆ ಆಕ್ಸ್‌ಫರ್ಡಿನಲ್ಲಿ ಕೇಳಿಸಿದ ಹಾಗಾಯಿತು. ಅಲ್ಲಿಯವರೇ ಆದ ಗ್ರೈಸ್ 1967ರ ಉಪನ್ಯಾಸಗಳಲ್ಲಿ ಇದೆಲ್ಲಕ್ಕೂ ಉಪಯೋಗವಾಗುವ ಒಂದು ಮಾತು ಹೇಳಿದರು. ಮಾತು ನಿಜವಾಗಿರುವುದು ಬೇರೆ, ಆ ಮಾತಿನಿಂದ ಕೇಳುವವರು ಏನು ತಿಳಿದುಕೊಳ್ಳುತ್ತಾರೆ ಎಂಬುದು ಬೇರೆ. ನಿಜವನ್ನೇ ಹೇಳಿ ದಾರಿ ತಪ್ಪಿಸಬಹುದು.

ಇದನ್ನು ಓದಿದ ದಿನ ನನಗೆ ಹಳೆಯದೊಂದು ಸಭೆ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ವಾರ್ಷಿಕೋತ್ಸವದಲ್ಲಿ ವರದಿ ಓದಿದರು. ಹತ್ತನೆಯ ತರಗತಿಯ ಹುಡುಗರಲ್ಲಿ ಇಷ್ಟು ಜನ ಫೇಲು, ಹೆಣ್ಣುಮಕ್ಕಳಲ್ಲಿ ಫೇಲಾದವರು ಒಬ್ಬರೂ ಇಲ್ಲ; ಹುಡುಗರಿಗಿಂತ ಹೆಣ್ಣುಮಕ್ಕಳೇ ಮೇಲು ಎಂದರು. ಜನ ಚಪ್ಪಾಳೆ ತಟ್ಟಿದರು. ಹೊಸಬಳಾದ ನಾನೂ ಹೆಮ್ಮೆಯಿಂದ ತಟ್ಟಿದೆ. ಮಾರನೆಯ ದಿನ ರಿಜಿಸ್ಟರು ನೋಡಿದಾಗ ತಿಳಿಯಿತು: ಆ ವರ್ಷ ಪರೀಕ್ಷೆಗೆ ಕುಳಿತ ಹೆಣ್ಣುಮಕ್ಕಳು 0. ಎಂಟನೆಯ ತರಗತಿಗೆ 4 ಹುಡುಗಿಯರು ಸೇರಿದ್ದರು. ಇಬ್ಬರಿಗೆ ಮದುವೆಯಾಗಿತ್ತು, ಒಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಳು, ಇನ್ನೊಬ್ಬಳು ದೊಡ್ಡವಳಾದ ಮೇಲೆ ಶಾಲೆಯ ಕಡೆ ಬರಲಿಲ್ಲ. ಫೇಲಾಗಲಿಕ್ಕೂ ಅಲ್ಲಿ ಯಾರೂ ಇರಲಿಲ್ಲ.

ಒಬ್ಬಳೂ ಫೇಲಾಗಿಲ್ಲ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಒಬ್ಬಳೂ ಪಾಸಾಗಿಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು. ಅದನ್ನು ಯಾರೂ ಓದಲಿಲ್ಲ ಅಷ್ಟೆ. ಶೇಕಡಾವಾರಿನ ಅಂಕಣದಲ್ಲಿ ಮಾತ್ರ ನಮ್ಮ ಗುಮಾಸ್ತರು ಏನೂ ಬರೆಯದೆ ಒಂದು ಅಡ್ಡಗೆರೆ ಎಳೆದಿದ್ದರು. 0ಯನ್ನು 0ಯಿಂದ ಭಾಗಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯದಿದ್ದರೂ ತಪ್ಪಿಲ್ಲ. ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಗಣಿತಸಾರಸಂಗ್ರಹ ಬರೆದ ನಮ್ಮ ಮಹಾವೀರಾಚಾರ್ಯರಂಥವರೇ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ಎಡವಿದ್ದರು. ಆ ವರದಿಯಲ್ಲಿ ಪ್ರಾಮಾಣಿಕವಾಗಿದ್ದದ್ದು ಗುಮಾಸ್ತರ ಆ ಅಡ್ಡಗೆರೆ ಒಂದೇ.

ಅಂದಿನಿಂದ ನನಗೊಂದು ಅಭ್ಯಾಸ. ಬಂದ ದೂರುಗಳನ್ನೆಲ್ಲ ಬಗೆಹರಿಸಿದ್ದೇವೆ ಎಂದರೆ ಎಷ್ಟು ದೂರು ಬಂದಿದ್ದವು ಎಂದು ಕೇಳುತ್ತೇನೆ. ನಮ್ಮ ಮನೆಯ ಸೊಸೆಯರು ಯಾರೂ ಎದುರು ಮಾತಾಡಿದವರಲ್ಲ ಎಂದರೆ, ನಿಮಗೆ ಎಷ್ಟು ಜನ ಸೊಸೆಯರು ಎಂದು ಕೇಳುತ್ತೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ನಮ್ಮ ಅಜ್ಜಿಯರು ಹೇಳಿದ್ದೂ ಇದನ್ನೇ. ಮೊದಲು ಎಣಿಸಿ, ಆಮೇಲೆ ಹೋಲಿಸಿ.

ನನ್ನ ವಿಷಯಕ್ಕೂ ಇದೇ ನಿಯಮ ಇಟ್ಟುಕೊಂಡಿದ್ದೇನೆ. ‘ಶಾಲೆಯ ಮಕ್ಕಳೆಲ್ಲ ನಿಮ್ಮ ಮಕ್ಕಳೇ ಅಲ್ಲವೇ’ ಎಂದು ಸಮಾಧಾನ ಹೇಳುವವರು ಬಹಳ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅವರು ಬೇರೆಯವರ ಮಕ್ಕಳು. ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದರೆ ತಮ್ಮ ತಾಯಂದಿರ ಹತ್ತಿರ ಓಡುತ್ತಾರೆ, ಓಡಬೇಕು ಕೂಡ. ಖಾಲಿ ಗಣವನ್ನು ಕಂಡವರ ಮಕ್ಕಳಿಂದ ತುಂಬಿಸುವುದು ನನಗೆ ಬೇಕಿಲ್ಲ. ಎಷ್ಟು ಮಕ್ಕಳು ಎಂದು ಕೇಳಿದವರಿಗೆ ಸೊನ್ನೆ ಎನ್ನುತ್ತೇನೆ. ಹೇಳಿ ಹೇಳಿ ಈಗ ಗಂಟಲು ಕಟ್ಟುವುದಿಲ್ಲ.

ಕಳೆದ ಗೌರಿ ಹಬ್ಬಕ್ಕೆ ಓರಗಿತ್ತಿ ಮನೆಗೆ ಬಂದಿದ್ದಳು. ಅಡಿಗೆಮನೆಯಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತ ಇದೆಲ್ಲವನ್ನೂ ಅವಳಿಗೆ ಹೇಳಿದೆ. ಗೃಹಪ್ರವೇಶದ ದಿನ ನಾನಂದ ಮಾತು ಗಣಿತದ ಲೆಕ್ಕದಲ್ಲಿ ನಿಜವಂತೆ ಕಣೇ ಎಂದೆ. ಅವಳು ಕಣಕ ನಾದುವುದನ್ನು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಯೋಚಿಸಿದಳು. ಆಮೇಲೆ ನಿಧಾನವಾಗಿ, ‘ಹಾಗಾದ್ರೆ ಅಕ್ಕ, ನಿಮ್ಮ ಮಕ್ಕಳೆಲ್ಲ ನನ್ನ ಮಕ್ಕಳಿಗಿಂತ ತುಂಟರೂ ಹೌದು ಅನ್ನಿ’ ಎಂದಳು.

ಈ ವಿಷಯದಲ್ಲಿ ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರಾದರೂ ಚೇಷ್ಟೆ ಮಾಡಿದ್ದು ಅದೇ ಮೊದಲು. ‘ಹೌದು ಕಣೇ, ಮಹಾ ತುಂಟರು. ಒಂದು ಮಾತು ಕೇಳಲ್ಲ’ ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಜಾರದಿಂದ ನಮ್ಮ ಯಜಮಾನರು, ‘ಏನು ಅಷ್ಟೊಂದು ನಗು?’ ಎಂದು ಕೂಗಿ ಕೇಳಿದರು. ಏನೂ ಇಲ್ಲ ಎಂದೆವು ಇಬ್ಬರೂ ಒಟ್ಟಿಗೆ.